ಹ್ಯಾನಾಳ ಹೆಸರು ಹಾಕಿದವನು

ಅಕ್ಟೋಬರ್ 15, 1985. ಮಂಗಳವಾರ. ಬೆಳಿಗ್ಗೆ 5:30

ಮೂರನೇ ಪ್ಯಾರಾ ಇನ್ನೂ ಬಾಯಿಗೆ ಬಂದಿಲ್ಲ. ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಾ ಬೈಹಾರ್ಟ್. ಮೈಸೂರು ಹಾಸ್ಟೆಲ್ ವರಾಂಡದಲ್ಲಿ ಏಳು ವರ್ಷ ಹೀಗೇ ಓದಿದ್ದು. ಕೂತರೆ ತಲೆಗೆ ಹೋಗಲ್ಲ. ಕೆಳಗಿನ ಅಪಾರ್ಟ್‌ಮೆಂಟಿನವನು ಕೋಲಿನಿಂದ ಸೀಲಿಂಗ್ ಕುಟ್ಟಿದ. ಚಿಕ್ಕಪ್ಪ ರೂಮಿನಿಂದಲೇ: "ಇಂದು, ಪ್ರದಕ್ಷಿಣೆ ಸಾಕಮ್ಮ. ದೇವರಿಗೂ ನಿದ್ದೆ ಬೇಕು."

ದೇವರು ಅಂದರೆ ಎಲಿಯಾಸ್ ಥಾರ್ನ್‌ಬಿ. ನೂರು ವರ್ಷದ ಹಿಂದಿನ ಲಂಡನ್ ಪತ್ರಕರ್ತ. ಸೀಸದ ಫ್ಯಾಕ್ಟರಿಯಲ್ಲಿ ಹುಡುಗಿಯರು ವಿಷ ಉಸಿರಾಡಿ ಸಾಯ್ತಿದ್ದಾರೆ ಅಂತ ಬರೆದೂ ಬರೆದೂ ಜೈಲಿಗೆ ಹೋದ. ಈ ಅಮೆರಿಕದ ಕಾಲೇಜಿನ ಹಿಸ್ಟರಿ ಮಿಡ್‌ಟರ್ಮ್ ಪರೀಕ್ಷೆಗೆ ಇವನೇ. ಒಂದೊಂದು ವಾಕ್ಯವೂ ಗೂಡ್ಸ್ ಟ್ರೈನು, ಗಾರ್ಡ್ ಡಬ್ಬಿ ಬರೋದೇ ಇಲ್ಲ.

ಒಗ್ಗರಣೆ ಸೀದ ವಾಸನೆ. ಜಲಜಾ ಚಿಕ್ಕಮ್ಮ ಒಲೆ ಮುಂದೆಯೇ ನಿಂತಿದ್ದಾಳೆ, ಗಮನವೇ ಇಲ್ಲ. ಮಿಲ್ಪಿಟಾಸ್‌ನ ಫ್ಯಾಕ್ಟರಿ ಶಿಫ್ಟಿಗೆ ಲೇಟು ಅಂತ ಅವಸರ.

ಅಕ್ಟೋಬರ್ 24, ಗುರುವಾರ

ಬರೆದೆ! ತಡೆಯೇ ಇಲ್ಲದೆ. ಅಡಿಷನಲ್ ಶೀಟ್ ಕೇಳಿದೆ, ಎರಡು ಸಲ. ಕಟ್ಟೋಕೆ ದಾರ ಕೇಳಿದೆ. ಪ್ರೊಫೆಸರ್ ಹಾರ್ಲೋ ಮೇಡಂ, "ದಾರ?" ಅಂತ ನನ್ನ ಮುಖ ನೋಡಿದರು. ಪಕ್ಕದವಳು ನಕ್ಕಳು. ನಗಲಿ. ಥಾರ್ನ್‌ಬಿ ಪೂರ್ತಿ ಇಳಿಸಿದ್ದೇನೆ, ಕಾಮಾ ಸಮೇತ.

ಅಕ್ಟೋಬರ್ 29, ಮಂಗಳವಾರ

ಮೇಡಂ ಆಫೀಸಿಗೆ ಕರೆದರು. ಪೇಪರ್ ಮೇಲೆ ಗ್ರೇಡ್ ಇಲ್ಲ.

"ಎಲ್ಲಿಂದ ಕಾಪಿ ಮಾಡಿದೆ?"

"ಕಾಪಿ ಅಲ್ಲ ಮೇಡಂ, ಬೈಹಾರ್ಟ್."

ನಂಬಲಿಲ್ಲ. ಎದ್ದು ನಿಂತು, ಕೈ ಹಿಂದೆ ಕಟ್ಟಿ ಹೇಳಿದೆ, ಮೂರನೇ ಪ್ಯಾರಾ, ನಾಲ್ಕನೇದು. ಐದಕ್ಕೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದೆಲ್ಲ ಅವನದು. ನಿನ್ನದು ಎಲ್ಲಿ?"

ನನ್ನದು?! ಹಾಸ್ಟೆಲ್‌ನಲ್ಲಿ ಸ್ವಂತ ವಾಕ್ಯ ಬರೆದರೆ ವಾರ್ಡನ್ ಕೆಂಪು ಗೆರೆ ಎಳೀತಿದ್ದರು, ಪಠ್ಯದಲ್ಲಿ ಇಲ್ಲದ್ದು ಯಾಕೆ ಬರೆದೆ ಅಂತ. ಇಲ್ಲಿ ಇರೋದನ್ನ ಬರೆದರೆ ಕಳ್ಳತನ. ಯಾರನ್ನ ಕೇಳಲಿ ಇದನ್ನ?

ನವೆಂಬರ್ 26ಕ್ಕೆ ಹೊಸ ಪೇಪರ್. ಥಾರ್ನ್‌ಬಿಯ ಪತ್ರಿಕೆಯನ್ನೇ ಓದಿ, ಜೊತೆಗೆ ನಾನು ಕಣ್ಣಾರೆ ಕಂಡದ್ದು ಏನಾದರೂ. ಇಲ್ಲದಿದ್ದರೆ ಎಫ್. ಎಫ್ ಅಂದರೆ ಫೇಲ್, ಫೇಲಾದರೆ ಫುಲ್ ಲೋಡ್ ಇಲ್ಲ, ವೀಸಾಗೆ ಬೇಕಾದಷ್ಟು ಕೋರ್ಸು ಇಲ್ಲದಿದ್ದರೆ ವೀಸಾ... ಚಿಕ್ಕಪ್ಪನಿಗೆ ಹೇಳಿಲ್ಲ.

ನವೆಂಬರ್ 9, ಶನಿವಾರ

ಲೈಬ್ರರಿ. ಅವನ ಪತ್ರಿಕೆ ಪೂರ್ತಿ ಮೈಕ್ರೋಫಿಲ್ಮ್ ರೀಲಿನಲ್ಲಿ. ನಾಲ್ಕು ಗಂಟೆ ಹಿಡಿ ತಿರುಗಿಸಿ ತಲೆನೋವು. ಈ ಮಹಾನುಭಾವ ಸೀಸಕ್ಕಿಂತ ತನ್ನ ಬಗ್ಗೆಯೇ ಜಾಸ್ತಿ ಬರೆದಿದ್ದಾನೆ. ಜೈಲಲ್ಲಿ ತನ್ನ ಗಂಜಿ, ತನ್ನ ಕಂಬಳಿ, ತನ್ನ ಧೈರ್ಯ. ಸಾಕಪ್ಪಾ!

ಆಮೇಲೆ ಹ್ಯಾನಾ ಪ್ರಾಟ್ ಸಿಕ್ಕಳು. ಸೀಸದ ಫ್ಯಾಕ್ಟರಿಯವಳು, ಹದಿನೇಳು ವರ್ಷ, ಒಸಡು ನೀಲಿ, ಕೈ ಎತ್ತೋಕೆ ಆಗಲ್ಲ. ಅವಳ ಹೆಸರು, ಬೀದಿ, ಮನೆ ನಂಬರ್, ಎಲ್ಲ ಅಚ್ಚು ಹಾಕಿದ್ದಾನೆ. ಎರಡು ವಾರದ ನಂತರ ಅವಳ ತಾಯಿಯ ನಾಲ್ಕು ಸಾಲಿನ ಕಾಗದ: ಹ್ಯಾನಾಳನ್ನ ಕೆಲಸದಿಂದ ತೆಗೆದರು, ಬೇರೆ ಯಾರೂ ಸೇರಿಸ್ತಿಲ್ಲ, ಏನು ಮಾಡೋದು ಸ್ವಾಮಿ? ಕೆಳಗೆ ಥಾರ್ನ್‌ಬಿ: ನೋಡಿ, ನಮ್ಮ ಬಾಣ ಗುರಿ ಮುಟ್ಟಿದೆ!

ಬಾಣವಂತೆ. ಇನ್ನೆರಡು ವರ್ಷದ ರೀಲು ತಿರುಗಿಸಿದೆ. ಹ್ಯಾನಾ ಎಲ್ಲೂ ಇಲ್ಲ. ಇವನಿಗೇ ಅಲ್ವಾ ನಾನು ಬೆಳಗಿನ ಜಾವ ಪ್ರದಕ್ಷಿಣೆ ಹಾಕಿದ್ದು.

ನವೆಂಬರ್ 16, ಶನಿವಾರ

ಚಿಕ್ಕಮ್ಮ ಕರೆದಳು. "ಡಿಕಾಕ್ಷನ್ ಸರಿ ಇದೆಯಾ ನೋಡೇ. ನನಗೆ ವಾಸನೆ ತಿಳಿಯಲ್ಲ."

"ನೆಗಡಿನಾ?"

"ಬೇಸಿಗೆಯಿಂದ ಹೀಗೇ. ಫ್ಯಾಕ್ಟರಿಲಿ ಕಂಪ್ಯೂಟರ್ ಬೋರ್ಡು ತೊಳೆಯೋ ಲಿಕ್ವಿಡ್ ಇದೆಯಲ್ಲ, ಅದರ ಘಾಟು. ಮೊದಮೊದಲು ತಲೆ ತಿರುಗ್ತಿತ್ತು, ಈಗ ಅದೂ ಗೊತ್ತಾಗಲ್ಲ. ಒಳ್ಳೇದೇ ಬಿಡು."

ಕೈ ತೋರಿಸಿದಳು. ಬೆರಳ ತುದಿ ಬಿರುಕು ಬಿರುಕು. ಕೊಬ್ಬರಿ ಎಣ್ಣೆ ಹಚ್ಚಿ ಮಲಗ್ತಾಳಂತೆ. ಗ್ಲೌಸ್ ಕೊಡೋದು ಇನ್‌ಸ್ಪೆಕ್ಷನ್ ದಿನ ಮಾತ್ರ. ಆ ಸೀದ ಒಗ್ಗರಣೆ... ನಾನು ಅಜಾಗರೂಕತೆ ಅಂದುಕೊಂಡಿದ್ದೆ.

ಕೂತು ಬರೆದೆ. ಕೂತೇ! ಮೂರು ಪುಟ. ಹ್ಯಾನಾ, ಆಮೇಲೆ ಜಲಜಾ ಚಿಕ್ಕಮ್ಮ. ಫ್ಯಾಕ್ಟರಿ ಹೆಸರು, ಶಿಫ್ಟು, ಸೂಪರ್‌ವೈಸರ್, ಎಲ್ಲ. ಒಂದು ವಾಕ್ಯವೂ ಬೇರೆ ಯಾರದ್ದೂ ಅಲ್ಲ.

ನವೆಂಬರ್ 17, ಭಾನುವಾರ

ಓದಿ ಹೇಳಿದೆ, ಕನ್ನಡ ಮಾಡಿಕೊಂಡು. ಹೊಗಳ್ತಾಳೆ ಅಂತ ಕಾದಿದ್ದೆ.

"ನನ್ನ ಹೆಸರು ಹಾಕಿದೀಯಾ?"

"ಹೂಂ."

ಒಲೆ ಆರಿಸಿದಳು. ಚಿಕ್ಕಪ್ಪ: "ಭೇಷ್ ಇಂದು. ನಿನಗೆ ಎ ಗ್ರೇಡು, ಇವಳಿಗೆ ಮನೆ ದಾರಿ."

ಬಾಣ ಗುರಿ ಮುಟ್ಟಿದೆ. ಛೀ.

ನವೆಂಬರ್ 25, ಸೋಮವಾರ. ಮಧ್ಯಾಹ್ನ

ಒಂದು ವಾರ ಬರೆಯಲಿಲ್ಲ. ಆ ಮೂರು ಪುಟ ಹರಿದೆ. ಹ್ಯಾನಾ ಒಬ್ಬಳನ್ನೇ ಬರೆದು ಕೊಡೋಣ, ಎಫ್ ಬಂದರೆ ಬರಲಿ ಅಂತ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಚಿಕ್ಕಮ್ಮ ಹೊರಡೋಕೆ ಮುಂಚೆ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ: "ಹೆಸರು ಬೇಡ. ಫ್ಯಾಕ್ಟರಿನೂ ಬೇಡ. ಮೂಗಿನ ವಿಷಯ ಬರಿ. ಯಾರಾದ್ರೂ ಓದಲಿ."

"ಹೆಸರಿಲ್ಲದಿದ್ದರೆ ಕಟ್ಟುಕತೆ ಅಂತಾರೆ ಚಿಕ್ಕಮ್ಮ."

"ಅನ್ನಲಿ ಬಿಡೇ. ನಿನಗೆ ಗೊತ್ತಲ್ಲ."

ಕ್ಲಾಸು ತಪ್ಪಿಸಿ ಬರೀತಿದ್ದೇನೆ. ಹೆಸರಿಲ್ಲ. ಕೈ ಇದೆ, ಎಣ್ಣೆ ಇದೆ, ವಾಸನೆ ಇಲ್ಲದ ಡಿಕಾಕ್ಷನ್ ಇದೆ.

ನವೆಂಬರ್ 26, ಮಂಗಳವಾರ. 10:40. ಕಾರಿಡಾರ್

ಕೊಟ್ಟೆ. ಮೇಡಂ ಮೊದಲ ಪುಟ ನಿಂತೇ ಓದಿದರು.

"ಈ ಹೆಂಗಸು ಯಾರು?"

"ಹೇಳಲ್ಲ ಮೇಡಂ."

"ಹಾಗಾದರೆ ನಿಜ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಉತ್ತರ ಬೈಹಾರ್ಟ್ ಮಾಡಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯ್ತು. "ಹ್ಯಾನಾ..." ಅಂದೆ, ಅಷ್ಟೇ. ಹೊರಗೆ ಕೂತಿರು ಅಂದರು.

10:55. ಬಾಗಿಲ ಗಾಜಿನಲ್ಲಿ ಕಾಣ್ತಾರೆ. ಕೊನೇ ಪುಟ. ಗ್ರೇಡ್ ಹಾಕೋ ಪೆನ್ ಮುಚ್ಚಿಯೇ ಇದೆ. ಕಾಫಿ ಮಗ್ ಎತ್ತಿದರು. ಕುಡಿಯಲಿಲ್ಲ. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ... ಹಾಗೇ ಹಿಡಿದಿದ್ದಾರೆ, ಇಳಿಸ್ತಾನೇ ಇಲ್ಲ.

ಎದ್ದರು. ಬರ್ತಿದ್ದಾರೆ. ಯಾರು ಅಂತ ಮತ್ತೆ ಕೇಳಿದರೂ ನಾನು ಹೆಸರು ಹೇಳಲ್ಲ.