ಹನ್ನೊಂದು ಹೆಜ್ಜೆಗೆ ನನ್ನ ಸಮಜಾಯಿಷಿ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಹದಿನಾಲ್ಕನೇ ಮಂಚದಲ್ಲಿದ್ದ ನನ್ನ ಅಕ್ಕನನ್ನು ಅನುಮತಿಯಿಲ್ಲದೆ ನಡೆಸಿದ್ದಕ್ಕೆ ಲಿಖಿತ ಸಮಜಾಯಿಷಿ ಕೇಳಿ ನೋಟಿಸು ಕಳಿಸಿದ್ದೀರಿ. ಕೊಡುತ್ತೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲೇ ಕೊಡುತ್ತೇನೆ.

ಅಕ್ಕ ಹೊಲಿಗೆ ಮೆಷಿನ್ನು ತುಳಿದು ನನ್ನನ್ನು ಸಾಕಿದವಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಮಾರನೆಯ ದಿನದಿಂದಲೇ ಎಬ್ಬಿಸಿ ನಡೆಸಬೇಕೆಂದು ನಿಮ್ಮ ಡಾಕ್ಟರೇ ಚೀಟಿಯಲ್ಲಿ ಬರೆದರು. ಆದರೆ ವಾರ್ಡಿನ ಗೋಡೆಯ ಮೇಲೆ ತಾವು ಹಾಕಿಸಿದ ಬೋರ್ಡಿದೆಯಲ್ಲ, 'ಯಾರೂ ಬೀಳದೆ ೨೧೨ ದಿನ', ಅದರ ಮುಂದೆ ಡಾಕ್ಟರ ಚೀಟಿಗೆ ಯಾವ ಬೆಲೆ? ವಾಕರ್‌ಗಳೆಲ್ಲ ಸ್ಟೋರಿನಲ್ಲಿ, ಸ್ಟೋರಿಗೆ ಬೀಗ. "ಬೇಡ ಅಣ್ಣಾ, ಒಬ್ರು ಬಿದ್ರೂ ಬೋರ್ಡು ಸೊನ್ನೆಗೆ ಬರುತ್ತೆ. ಮೇಲಿನೋರು ನಮ್ಮನ್ನ ಸುಮ್ನೆ ಬಿಡಲ್ಲ" ಎಂದರು ನರ್ಸಮ್ಮ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮಲಗಿದವರು ಬೀಳುವುದಿಲ್ಲ, ಒಪ್ಪಿದೆ. ಸ್ಮಶಾನದಲ್ಲೂ ಯಾರೂ ಬೀಳುವುದಿಲ್ಲ. ಅಲ್ಲಿಗೂ ಒಂದು ಬೋರ್ಡು ಕಳಿಸುತ್ತೀರಾ? ಒಂಬತ್ತು ದಿನದಲ್ಲಿ ಅಕ್ಕನ ಮೀನಖಂಡ ಕರಗಿತು, ಬೆನ್ನಿನಲ್ಲಿ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಇವು ಯಾವ ಬೋರ್ಡಿನಲ್ಲಿ ಬರುತ್ತವೆ? ಹತ್ತನೆಯ ದಿನ ಬೆಳಿಗ್ಗೆ ಅವಳು, "ಮೆಷಿನ್ ಮಾರ್ಬಿಡೋ, ಇನ್ನು ನನ್ನ ಕೈಲಾಗಲ್ಲ" ಎಂದಳು.

ಹೌದು, ಕೂಗಾಡಿ ಸ್ಟೋರಿನ ಬೀಗ ತೆಗೆಸಿದ್ದು ನಾನೇ. ನಿಮ್ಮ ಫಿಸಿಯೋಥೆರಪಿಸ್ಟ್ ಮೇಡಂ ಅಕ್ಕನ ಸೊಂಟಕ್ಕೆ ಬೆಲ್ಟ್ ಕಟ್ಟಿ ಹಿಡಿದುಕೊಂಡರು. ಹಿಡಿತ ಅವರದು, ಹಠ ನನ್ನದು.

"ತಲೆ ತಿರುಗ್ತಿದೆ ಕಣೋ."

"ಅವಸರ ಇಲ್ಲಕ್ಕಾ, ನಿಂತ್ಕೋ."

ಅವಳು ಉಸಿರು ಎಳೆದುಕೊಂಡಳು. "ಕಂಡಕ್ಟರ್ ಅಲ್ವೇನೋ ನೀನು? ರೈಟ್ ಅನ್ನು ಮತ್ತೆ!"

"ರೈಟ್!" ಎಂದೆ. ನನ್ನ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಅಕ್ಕ ಹನ್ನೊಂದು ಹೆಜ್ಜೆ ನಡೆದು ತಮ್ಮ ಬೋರ್ಡಿನ ಕೆಳಗೇ ನಿಂತಳು. ಓದಿದಳು. "ಬಿದ್ದೋರು ಯಾರೂ ಇಲ್ಲ, ಸರಿ. ಎದ್ದೋರು ಎಷ್ಟು ಜನ?" ಎಂದಳು.

ಆ ಪ್ರಶ್ನೆಗೆ ಈಗ ತಾವು ಸಮಜಾಯಿಷಿ ಕೊಡಬೇಕು. ನನ್ನ ಜೊತೆಗೆ ಆ ಮೇಡಂಗೂ ಕೊಟ್ಟಿರುವ ನೋಟಿಸು ವಾಪಸ್ ಪಡೆಯಿರಿ. ಸ್ಟೋರಿನ ಬೀಗ ತೆಗೆಯಿರಿ. ಡಾಕ್ಟರು ನಡೆಸಿ ಎಂದು ಬರೆದ ರೋಗಿಯನ್ನು ಕೈಹಿಡಿದು ನಡೆಸಲು ಜನ ಕೊಡಿ. ಅಂದಂದು ಎದ್ದು ನಡೆದವರ ಲೆಕ್ಕವನ್ನೂ ಅದೇ ಬೋರ್ಡಿನಲ್ಲಿ ಬರೆಸಿ.

ಈ ಪತ್ರದ ಪ್ರತಿಯನ್ನು ಸೋಮವಾರ ಅಕ್ಕನೇ ತಮ್ಮ ಕೊಠಡಿಗೆ ತಂದುಕೊಡುತ್ತಾಳೆ. ವಾರ್ಡಿನಿಂದ ಅಲ್ಲಿಗೆ ನಲವತ್ತು ಹೆಜ್ಜೆ, ನಾನು ಅಳೆದಿದ್ದೇನೆ. ಸ್ವಲ್ಪ ತಡವಾಗಬಹುದು, ಕಾಯಿರಿ.

ಇಂತಿ,
ತಮ್ಮ ಬೋರ್ಡಿನ ನೆಮ್ಮದಿ ಕೆಡಿಸಿದ ತಪ್ಪಿತಸ್ಥ,
ಹದಿನಾಲ್ಕನೇ ಮಂಚದವಳ ತಮ್ಮ