ಹಡಗಿಗಾಗಿ ತೆಗೆಸಿದ ಮೀಸೆ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯

ಮುದ್ದು ಚುಕ್ಕಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ಬಿಟ್ಟಿತೇ? ಫೋನಿನಲ್ಲಿ ನಿನ್ನ ದನಿ ಈಗ ಪರವಾಗಿಲ್ಲ ಅನ್ನಿಸಿತು, ಆದರೂ ತಣ್ಣೀರು ಕುಡಿಯಬೇಡ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದೇ ಇದೆ, ಅದೀಗ ಮನೆಯವರಲ್ಲೊಬ್ಬರ ಹಾಗೆ ಆಗಿಬಿಟ್ಟಿದೆ. ಅಮ್ಮನ ಮೈಗೇನೂ ತೊಂದರೆಯಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ. ಮೈಗೆ ಎಂದಷ್ಟೇ ಬರೆದಿದ್ದೇನೆ, ನೋಡಿಕೋ. ನೀನು ಫೋನು ಮಾಡಿದಾಗಲೆಲ್ಲ "ಹಡಗಿನ ತಯಾರಿ ಎಲ್ಲಿಗೆ ಬಂತು ಅಪ್ಪಾ?" ಎಂದು ಕೇಳುತ್ತೀಯ. ಪಕ್ಕದಲ್ಲೇ ಅವಳು ನಿಂತಿರುತ್ತಾಳೆ. ನಾನು "ಎಲ್ಲ ಆಗ್ತಾ ಇದೆ" ಎಂದು ಹೇಳಿ ಇಟ್ಟುಬಿಡುತ್ತೇನೆ. ಬಾಯಲ್ಲಿ ಹೇಳಲಾಗದ್ದು ಇದೆ. ಅದಕ್ಕೇ ಕಾಗದ.

ನೀನು ಮೂವರಿಗೂ ಜಾಗ ಕಾದಿರಿಸಿ ಹಡಗಿನ ಚಿತ್ರಗಳನ್ನು ಕಳಿಸಿದ ದಿನ ಅವಳ ಮುಖ ನೀನು ನೋಡಬೇಕಿತ್ತು. ಈಜುಕೊಳ ಬೇಡ, ಸಂಗೀತ ಬೇಡ, ಅವಳ ಕಣ್ಣು ಹೋದದ್ದು ಹಾಸಿಗೆಯ ಮೇಲೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಯಸ್ಸೆಲ್ಲ ಬೇರೆಯವರ ಹಾಸಿಗೆ ಬಟ್ಟೆ ಮಡಿಸಿದವಳು. "ನೋಡ್ರೀ, ಇದನ್ನ ಯಾರೋ ಹಾಸಿಕೊಡ್ತಾರೆ, ನಾನು ಸುಮ್ನೆ ಮಲ್ಗೋದು!" ಎಂದು ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ಮರೆವು ಆಗಲೇ ಇತ್ತು, ನಿನಗೆ ಗೊತ್ತು. ಕಳೆದ ಸಲ ನೀನು ಬಂದಾಗ ನಿನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆದಳಲ್ಲ, ನಾವು ಮೂವರೂ ನಕ್ಕಿದ್ದೆವು. ಹಡಗಿನ ಸುದ್ದಿ ಬಂದ ಮೇಲೆ ಸ್ವಲ್ಪ ಚುರುಕಾದಳು ಎಂದೇ ನನಗನ್ನಿಸಿತ್ತು. ದಿನಾ ಬೆಳಿಗ್ಗೆ ಪೆಟ್ಟಿಗೆ ತುಂಬುವಳು. ಅಂಚಿಗೆ ಅಂಚು ಕೂಡಿಸಿ ಎಂಥ ಮಡಿಕೆ ಅಂತೀಯ, ಆ ಕೈಗಳಿಗೆ ಮರೆವೇ ಇಲ್ಲ. ನಾನು ಸಂಜೆ ಎಲ್ಲವನ್ನೂ ತೆಗೆದು ಬೀರುವಿಗೆ ಸೇರಿಸುತ್ತಿದ್ದೆ. ಮರುದಿನ ಎದ್ದಾಗ ತುಂಬಿದ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಹಡಗು ನಮ್ಮನ್ನು ಬಿಟ್ಟು ಹೋಯಿತೆಂದು ಗಾಬರಿಯಾಗುತ್ತಾಳೆ, ಅದಕ್ಕೆ.

ಒಂದೇ ಸಲಕ್ಕೆ ಸಮುದ್ರ ಬೇಡ, ಮೊದಲು ಹೊಳೆ ದಾಟಿಸುವ ಲಾಂಚಿನಲ್ಲಿ ಅಭ್ಯಾಸ ಮಾಡಿಸೋಣ ಎಂದು ನಾನೇ ಲೆಕ್ಕ ಹಾಕಿದೆ. ಬಸ್ ಡಿಪೊದ ಸ್ಟೋರಿನಲ್ಲಿ ಕೆಲಸ ಮಾಡಿದವನ ಬುದ್ಧಿ ನೋಡು, ಯಾವ ಬಿಡಿಭಾಗವನ್ನೂ ಒಮ್ಮೆ ಜೋಡಿಸಿ ನೋಡದೆ ಗಾಡಿಗೆ ಕೊಡುತ್ತಿರಲಿಲ್ಲ. ನೀನು ಕಳಿಸಿದ ಟೋಪಿ, ಕಪ್ಪು ಕನ್ನಡಕ ಎರಡನ್ನೂ ಹಾಕಿಕೊಂಡು ಅವಳನ್ನು ಕರೆದುಕೊಂಡು ಹೊರಟೆ. ಲಾಂಚು ಬರಲು ಇನ್ನೂ ಹೊತ್ತಿತ್ತು. ಲಾಂಚು ನಿಲ್ಲುವ ಕಟ್ಟೆಯ ಹತ್ತಿರದ ಕ್ಷೌರದಂಗಡಿಗೆ ಹೋಗಿ ಕೂತೆ. ಅವಳು ಹೊರಗಿನ ಬೆಂಚಿನಲ್ಲಿ ನೀರು ನೋಡುತ್ತಿದ್ದಳು. ಅಂಗಡಿಯವನು ಬಾಯಿಬಡುಕ. "ಯಜಮಾನ್ರೇ, ಹಡಗಲ್ಲಿ ಹೆಜ್ಜೆಗೊಂದು ಫೋಟೋ ತೆಗೀತಾರೆ, ಈ ಪೊರಕೆ ಇಟ್ಕೊಂಡು ಹೋಗ್ತೀರಾ? ತೆಗೆದ್ರೆ ಮದುಮಗ ಆಗ್ತೀರಿ" ಎಂದ. ನನಗೂ ಹುರುಪು. ನೀನು ಹುಟ್ಟುವ ಮೊದಲಿನಿಂದ ಇದ್ದ ಮೀಸೆ, ತೆಗಿಯಯ್ಯಾ ಎಂದುಬಿಟ್ಟೆ.

ಹೊರಗೆ ಬಂದು ಕೈ ಹಿಡಿದೆ. ತಲೆ ತಗ್ಗಿಸಿಕೊಂಡೇ ಎದ್ದು ಬಂದಳು. ಹೊಸ ರೂಪ ಕಂಡು ನಾಚಿಕೊಂಡಳು ಅಂದುಕೊಂಡೆ, ಎಂಥ ಪೆದ್ದ ನಾನು. ನಡುಹೊಳೆಯಲ್ಲಿ ತಲೆಯೆತ್ತಿ ನೋಡಿದಳು. "ಬಿಡ್ರೀ ಕೈ! ಯಾರ್ರೀ ನೀವು? ನಮ್ಮನೆಯವ್ರು ಎಲ್ಲಿ?" ಎಂದು ಕೂಗಿದಳು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಜನ ಸುತ್ತುಗಟ್ಟಿದರು. ಮೀನು ಮಾರುವ ಹೆಂಗಸೊಬ್ಬಳು ಅವಳನ್ನು ಎಳೆದು ತನ್ನ ಪಕ್ಕ ಕೂರಿಸಿಕೊಂಡು, "ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ ನಿಂಗೆ?" ಎಂದು ನನ್ನ ಮೇಲೆ ಹರಿಹಾಯ್ದಳು. ನಾನು ಇವಳ ಗಂಡ ಎಂದೆ. "ನನ್ನ ಗಂಡಂಗೆ ಮೀಸೆ ಇದೆ" ಎಂದಳು ನಿನ್ನ ಅಮ್ಮ. ಟೋಪಿ, ಕನ್ನಡಕ ತೆಗೆದೆ, ಪ್ರಯೋಜನವಾಗಲಿಲ್ಲ. ಪರ್ಸಿನಲ್ಲಿದ್ದ ನಮ್ಮಿಬ್ಬರ ಫೋಟೋ ತೋರಿಸಿದೆ. ಅದರಲ್ಲಿರುವವನೂ ಮೀಸೆಯವನೇ! ಲಾಂಚಿನವನು ನನ್ನ ತೋಳನ್ನು ಬಿಗಿಯಾಗಿ ಹಿಡಿದ. ಕೊನೆಗೆ ಆ ಮೀನಿನಾಕೆಯೇ ಫೋಟೋ ತೆಗೆದುಕೊಂಡು, ಮೀಸೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ನನ್ನ ಮುಖ ನೋಡಿ, "ಅಯ್ಯೋ, ಬಿಡಣ್ಣಾ ಅವರನ್ನ" ಎಂದಳು. ಮೀನು ಮಾರುವುದನ್ನು ಬಿಟ್ಟು ನಮ್ಮ ಜೊತೆ ಮನೆ ಬಾಗಿಲವರೆಗೂ ಬಂದಳು, ಪುಣ್ಯಾತ್ಗಿತ್ತಿ. ಅವಳಿಲ್ಲದಿದ್ದರೆ ಅಮ್ಮ ನನ್ನ ಜೊತೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

ಮೀಸೆ ತಾನೇ, ಬೆಳೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಸ್ಕೂಲು ಹುಡುಗನ ಹಾಗೆ ಬೆಳಿಗ್ಗೆ ಎದ್ದು ಕನ್ನಡಿ ನೋಡಿದ್ದೇ ನೋಡಿದ್ದು. ಚುಕ್ಕೀ, ಮೀಸೆ ಬಂತು. ಅವಳು ಬರಲಿಲ್ಲ.

ಈಗ ನನ್ನನ್ನು ಸಾರ್ ಎನ್ನುತ್ತಾಳೆ. ರೀ ಎಂದು ಕರೆಸಿಕೊಂಡು ಬದುಕಿದವನು ನಾನು, ಆ ಒಂದಕ್ಷರ ಎಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ. ಕೋಣೆಯ ಚಿಲಕ ಹಾಕಿಕೊಂಡು ಮಲಗುತ್ತಾಳೆ, ನನಗೆ ನಡುಮನೆಯ ಸೋಫಾ. ಊಟಕ್ಕೆ ನನ್ನ ಕುರ್ಚಿಯ ಮುಂದೆ ನನ್ನ ತಟ್ಟೆ ಇಡುತ್ತಾಳೆ, ಆದರೆ ಆ ಕುರ್ಚಿಯಲ್ಲಿ ನನ್ನನ್ನು ಕೂರಗೊಡುವುದಿಲ್ಲ. "ಅದು ನಮ್ಮೆಜಮಾನ್ರದ್ದು ಸಾರ್, ನೀವು ಈ ಕಡೆ ಕೂತ್ಕೊಳ್ಳಿ." ನಾನು ಈ ಕಡೆ ಕೂತು ಖಾಲಿ ಕುರ್ಚಿ ನೋಡಿಕೊಂಡು ಉಣ್ಣುತ್ತೇನೆ. ಗಂಡನ ಸುದ್ದಿ ಎಲ್ಲ ನನಗೇ ಹೇಳುತ್ತಾಳೆ. ಡಿಪೊದಲ್ಲಿ ಅವರಿಗೆ ಎಷ್ಟು ಮರ್ಯಾದೆ, ಗೊರಕೆ ಎಷ್ಟು ಜೋರು, ಎಲ್ಲ. "ಹಡಗಲ್ಲಿ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ ಸಾರ್. ಸ್ವಲ್ಪ ತಡ ಮಾಡ್ತಾರೆ, ಆದ್ರೆ ಮಾತಿಗೆ ತಪ್ಪೋರಲ್ಲ." ಹೀಗೆ ಹೇಳುವಾಗ ಅವಳ ಮುಖದಲ್ಲಿ ಇರುವ ನಂಬಿಕೆ ನೋಡಿ ನನಗೇ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಡಾಕ್ಟರು ಹೊಸ ಮಾತ್ರೆ ಬರೆದರು. ಇದು ಹಿಂದಕ್ಕೆ ಬರುವ ದಾರಿಯಲ್ಲ ಎಂದೂ ಹೇಳಿದರು.

ಒಂದು ಸಲ ಸಮುದ್ರ ನೋಡಿದರೆ ಸರಿಹೋದಾಳು ಎಂದು ನೀನು ಹೇಳಬಹುದು, ನಾನೂ ಹಾಗೆ ಆಸೆಪಟ್ಟವನೇ. ಆದರೆ ಹೊಳೆಗೆ ಆಚೆ ದಡ ಇತ್ತು ಮಗಳೇ. ನಡುಸಮುದ್ರದಲ್ಲಿ ಅವಳು ಹಾಗೆ ಕೂಗಿದರೆ ನಾನು ಎಲ್ಲಿ ಇಳಿಸಲಿ? ಯಾರನ್ನೂ ಗುರುತಿಸದವಳನ್ನು ಒಂದೇ ಥರದ ಬಾಗಿಲುಗಳಿರುವ ಹಡಗಿನ ಆ ಉದ್ದ ಓಣಿಯಲ್ಲಿ ಹೇಗೆ ನಿಲ್ಲಿಸಲಿ? ನನ್ನ ಕೈಲಾಗುವುದಿಲ್ಲ. ನಿನ್ನ ಆಸೆಗೆ ನೀರೆರಚಿದೆ ಎಂದು ಬೇಸರ ಮಾಡಿಕೊಳ್ಳಬೇಡ. ಇಷ್ಟು ಬರೆಯುವಾಗಲೂ ಅವಳು ಪಕ್ಕದ ಕೋಣೆಯಲ್ಲಿ ಹಾಡು ಗುನುಗುತ್ತಾ ಪೆಟ್ಟಿಗೆ ತುಂಬುತ್ತಿದ್ದಾಳೆ. ಈ ಮನೆಯಲ್ಲಿ ಸಂತೋಷವಾಗಿರುವವಳು ಅವಳೊಬ್ಬಳೇ.

ನಿನ್ನ ಆರೋಗ್ಯ ಗಟ್ಟಿಯಾಗಿರಲಿ, ಕೆಲಸದಲ್ಲಿ ಮನಸ್ಸು ನಿಲ್ಲಲಿ, ಒಳ್ಳೆಯವರು ಸುತ್ತ ಇರಲಿ. ಅವಳ ಪಾಲಿನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ
ಅಪ್ಪ

ಇನ್ನೊಂದು ಮಾತು. ಟಿಕೆಟ್ ರದ್ದು ಮಾಡು, ರಜೆ ಮಾತ್ರ ರದ್ದು ಮಾಡಬೇಡ, ಇಲ್ಲಿಗೆ ಬಾ. ಬಾಗಿಲು ಅವಳೇ ತೆಗೆಯುತ್ತಾಳೆ. ಆಗ "ನಾನು ನಿನ್ನ ಮಗಳು" ಎಂದು ಹೇಳಬೇಡ. ಮೊನ್ನೆ ನಿನ್ನ ಚಿಕ್ಕಮ್ಮ ಬಂದು "ನಾನು ಕಣೇ, ನಿನ್ನ ತಂಗಿ" ಎಂದದ್ದಕ್ಕೆ ಹೆದರಿ ಬಾಗಿಲು ಹಾಕಿಕೊಂಡುಬಿಟ್ಟಳು. ಹಡಗಿನ ಕಡೆಯಿಂದ ಬಂದಿದ್ದೇನೆ ಎನ್ನು. ಒಳಗೆ ಕರೆದು ಕೂರಿಸುತ್ತಾಳೆ. ನಾನೂ ಹಾಗೆ ಹೇಳಿಕೊಂಡೇ ಈ ಮನೆಯಲ್ಲಿದ್ದೇನೆ.