ಡಿಸೆಂಬರಿನಲ್ಲೂ ನಿಲ್ಲುವ ಕಾಲು

ನವೆಂಬರ್ ಒಂಬತ್ತು, ಭಾನುವಾರ
ನಮ್ಮ ಊಟದ ಮೇಜು (ರಟ್ಟು ಸರಿಸಿದ ಜಾಗ)

ಪ್ರೀತಿಯ ಡಾಕ್ಟರಮ್ಮ,

ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ನಾನು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಕಳೆದ ತಿಂಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ ಮೇಜಿನ ಮೇಲಿದ್ದ ಒಂದು ಕ್ಯಾಲೆಂಡರನ್ನು ಕದ್ದಿದ್ದೇನೆ. ಹಾಡುಹಗಲೇ ಕದ್ದೆ. ಇಂಜೆಕ್ಷನ್ ಬಿದ್ದು ಅರ್ಧ ಬಾಯಿ ಮರಗಟ್ಟಿತ್ತು. ಯಾರಾದರೂ ಹಿಡಿದು ಕೇಳಿದ್ದರೆ ಸುಳ್ಳು ಹೇಳುವುದಕ್ಕೂ ನಾಲಿಗೆ ಹೊರಳುತ್ತಿರಲಿಲ್ಲ. ಮಾಲನ್ನು ಅಂಗಿಯೊಳಗೆ ಸೇರಿಸಿ, ಹುಟ್ಟುವಾಗಲೇ ಹೊಟ್ಟೆ ಚೌಕವಾಗಿದ್ದವನ ಹಾಗೆ ಗಂಭೀರವಾಗಿ ನಡೆದು ಆಚೆ ಬಂದೆ.

ನೀನೀಗ ಹಣೆ ಚಚ್ಚಿಕೊಳ್ಳುತ್ತಿರುತ್ತೀ. ಸ್ವಲ್ಪ ತಡೆ, ನನ್ನ ವಾದವನ್ನೂ ಕೇಳು. ಆ ಕ್ಯಾಲೆಂಡರು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ರಿಸೆಪ್ಷನ್ ಹುಡುಗಿ ಅದನ್ನು ಎತ್ತಿ ನಿಲ್ಲಿಸಿದಳು, ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಕೊನೆಗೆ ಪ್ಲಾಸ್ಟರಿನ ಒಂದು ಹಲ್ಲುಸೆಟ್ಟನ್ನು ಅದರ ಬೆನ್ನಿಗೆ ಒತ್ತಿಟ್ಟು, ಯಾವ ದರಿದ್ರದವರು ಮಾಡಿದರೋ ಎಂದು ಗೊಣಗಿಕೊಂಡು ಒಳಗೆ ಹೋದಳು. ಆ ದರಿದ್ರದವನು ಎದುರಿನ ಕುರ್ಚಿಯಲ್ಲೇ ದವಡೆ ಹಿಡಿದುಕೊಂಡು ಕೂತಿದ್ದ. ಕ್ಯಾಲೆಂಡರು ನಮ್ಮ ಕಂಪನಿಯದು. ಅದರ ಹಿಂದಿನ ಕಾಲು ನನ್ನದು. ತನ್ನ ಕೂಸು ಪರರ ಮನೆಯಲ್ಲಿ ಹಲ್ಲುಸೆಟ್ಟಿಗೆ ಒರಗಿಕೊಂಡು ಬದುಕುವುದನ್ನು ಯಾವ ತಂದೆ ತಾನೆ ನೋಡಿಕೊಂಡು ಸುಮ್ಮನಿರುತ್ತಾನೆ?

ನೀನು ಹೊರಟುಹೋದ ಮೇಲೆ ಆಸ್ಪತ್ರೆಯ ಹೊಸ ಗೆಳತಿಯರಿಗೆ ನನ್ನ ಕೆಲಸ ಏನೆಂದು ಹೇಳಿದ್ದೀಯೋ ಗೊತ್ತಿಲ್ಲ. ಪ್ರಿಂಟಿಂಗ್ ಕಂಪನಿಯಲ್ಲಿ ಇದ್ದಾರೆ ಎಂದು ಮುಗಿಸಿರುತ್ತೀ. ಇನ್ನು ಮೇಲೆ ಸರಿಯಾಗಿ ಹೇಳು. ನೀನು ಬಿದ್ದ ಮನುಷ್ಯರನ್ನು ಎಬ್ಬಿಸಿ ನಿಲ್ಲಿಸುತ್ತೀ, ನಾನು ಕ್ಯಾಲೆಂಡರುಗಳನ್ನು ನಿಲ್ಲಿಸುತ್ತೇನೆ. ಲಕೋಟೆಯಲ್ಲಿ ಕಾಗದದ ಹಾಗೆ ಚಪ್ಪಟೆಯಾಗಿ ಹೋಗಬೇಕು; ಮೇಜಿನ ಮೇಲೆ ಬೆನ್ನ ಹಿಂದಿನ ಕಾಲನ್ನು ಎಳೆದು, ರಟ್ಟಿನ ಸಣ್ಣ ನಾಲಿಗೆಯನ್ನು ಸೀಳಿನೊಳಗೆ ತೂರಿಸಿದೊಡನೆ ನೆಟ್ಟಗೆ ನಿಲ್ಲಬೇಕು. ಜನರೆಲ್ಲ ಕ್ಯಾಲೆಂಡರಿನ ಮುಂದೆ ಕೂತು ಕಾಲ ನೋಡುತ್ತಾರೆ. ಹಿಂದೆ ಹೋಗಿ ಕಾಲು ನೋಡುವವನು ನಾನೊಬ್ಬನೇ. ಆದ್ದರಿಂದ ನನ್ನನ್ನು ಕಾಲುಜ್ಞಾನಿ ಎಂದು ಕರೆಯಬಹುದು. ಸನ್ಮಾನಕ್ಕೆ ಕರೆದರೆ ಬರುತ್ತೇನೆ.

ಆದರೆ ಅಕ್ಟೋಬರಿನಲ್ಲಿ ಕಾಲುಜ್ಞಾನಿಯ ಕಾಲ ಚೆನ್ನಾಗಿರಲಿಲ್ಲ. ಇದನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ಫೋನಿನಲ್ಲಿ ನಾವು ಗ್ಯಾಸ್ ಬಂತೇ, ಕರೆಂಟ್ ಬಿಲ್ ಕಟ್ಟಿದಿರೇ ಎಂಬುದನ್ನು ಬಿಟ್ಟು ಬೇರೇನು ಮಾತಾಡುತ್ತೇವೆ? ನಮ್ಮ ದೊಡ್ಡ ಗಿರಾಕಿ ಟಯರ್ ಕಂಪನಿಯವರು. ಅವರ ಖರೀದಿ ಅಧಿಕಾರಿ ಮೇಡಂ ಮಾಲೀಕರಿಗೆ ಫೋನ್ ಮಾಡಿ, ನಿಮ್ಮ ಕ್ಯಾಲೆಂಡರು ವರ್ಷಪೂರ್ತಿ ಇರುತ್ತೆ, ನಿಲ್ಲೋದು ಮಾತ್ರ ಆಗಸ್ಟ್‌ವರೆಗೆ ಎಂದರಂತೆ. ಮಾಲೀಕರು ನನ್ನನ್ನು ಕರೆದು ಕೂರಿಸಿ, ಈ ಸಲ ಪ್ಲಾಸ್ಟಿಕ್ ಸ್ಟ್ಯಾಂಡುಗಳನ್ನು ಹೊರಗಿನಿಂದ ರೆಡಿಮೇಡ್ ತರಿಸುವುದೆಂದೂ, ಸ್ಯಾಂಪಲ್ ರೂಮನ್ನು ಖಾಲಿ ಮಾಡಿ ಅಲ್ಲಿ ಕಾಗದದ ಬಂಡಲ್ ಪೇರಿಸುವುದೆಂದೂ, ನನ್ನನ್ನು ಕೌಂಟರಿನಲ್ಲಿ ಆರ್ಡರ್ ಬರೆದುಕೊಳ್ಳುವುದಕ್ಕೆ ಹಾಕುವುದೆಂದೂ ತಿಳಿಸಿದರು. ನನಗೆ ಓದು ಬರಹ ಚೆನ್ನಾಗಿದೆಯಂತೆ. ಹದಿನೇಳು ವರ್ಷ ಆ ರೂಮಿನಲ್ಲಿ ಕೂತು ರಟ್ಟಿಗೆ ಗೆರೆ ಒತ್ತಿದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಸಿಗಲಾರದು.

ನಾನೇನು ಹೇಳಿದೆ? ಕೇಳಬೇಡ. ತಲೆಯಾಡಿಸಿದೆ.

ಮಾರ್ಚಿನಲ್ಲಿ ನೀನೀಗಿರುವ ಊರಿನ ಆಸ್ಪತ್ರೆಯಿಂದ ಪತ್ರ ಬಂದಾಗ, ಹೋಗಲೋ ಬೇಡವೋ ಎಂದು ನೀನು ಇದೇ ಮೇಜಿನ ಪಕ್ಕ ನಿಂತು ಕೇಳಿದ್ದೆ. ನಾನು ರಟ್ಟಿನಿಂದ ಕಣ್ಣೆತ್ತದೆ, ನಿನ್ನಿಷ್ಟ ಎಂದೆ. ದೊಡ್ಡ ಉದಾರತನವೆಂದು ನಾನು ಭಾವಿಸಿಕೊಂಡಿದ್ದೆ. ನೀನು ಸೂಟ್‌ಕೇಸಿನ ಜಿಪ್ ಎಳೆಯುತ್ತಾ ಅಂದ ಮಾತು ಇನ್ನೂ ಈ ಮನೆಯ ಗೋಡೆಗಳಿಗೆ ಅಂಟಿಕೊಂಡಿದೆ: “ನಿಮ್ಮ ಜೊತೆ ಜಗಳ ಆಡೋದಕ್ಕೂ ಆಗಲ್ಲ ರೀ. ಎದುರಿಗೆ ನಿಂತರೆ ತಾನೆ ಆಡೋದು?” ಅವತ್ತು ನನಗೆ ಅರ್ಥವಾಗಲಿಲ್ಲ. ಮಾಲೀಕರ ಮುಂದೆ ತಲೆಯಾಡಿಸಿ ಆಚೆ ಬಂದಾಗ ಸ್ವಲ್ಪ ಅರ್ಥವಾಯಿತು.

ಇರಲಿ, ಕದ್ದ ಮಾಲಿಗೆ ಬರೋಣ. ಮನೆಗೆ ತಂದು ಮೇಜಿನ ಮೇಲೆ ಇಟ್ಟೆ. ಬಿತ್ತು. ಹಿಂದಕ್ಕೆ ತಿರುವಿದ್ದ ಹಾಳೆಗಳನ್ನೆಲ್ಲ ಮುಂದಕ್ಕೆ ತಂದು ಜನವರಿ ಮಾಡಿ ಇಟ್ಟೆ. ನಿಂತಿತು, ಪರೇಡಿನ ಸಿಪಾಯಿಯ ಹಾಗೆ. ಫೆಬ್ರವರಿ, ಮಾರ್ಚ್, ಏಪ್ರಿಲ್, ಎಲ್ಲ ಸರಿ. ಆಗಸ್ಟಿಗೆ ಮೈ ನಡುಗಿತು. ಅಕ್ಟೋಬರಿಗೆ ಅಂಗಾತ. ಆಗ ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಪಕ್ಕದ ಮನೆಯವರು ಟಿವಿಯ ಸದ್ದು ಕಡಿಮೆ ಮಾಡಿ ಕಿವಿಗೊಟ್ಟರು.

ನಮ್ಮ ಮೂರ್ಖತನವನ್ನು ನೋಡು. ನಾವು ಕ್ಯಾಲೆಂಡರು ಮಾಡುವುದು ವರ್ಷ ಹುಟ್ಟುವುದಕ್ಕೆ ಮುಂಚೆ. ಸ್ಯಾಂಪಲ್ಲನ್ನು ನಿಲ್ಲಿಸಿ ನೋಡುವಾಗ ಎದುರಿಗಿರುವುದು ಜನವರಿ. ನಿಂತಿತು ಎಂದ ಕೂಡಲೇ ಸೈ ಎಂದು ಲಾರಿಗೆ ಹತ್ತಿಸುತ್ತೇವೆ. ಆಮೇಲೆ ಜನರ ಮನೆಗಳಲ್ಲಿ ಒಂದೊಂದೇ ತಿಂಗಳು ಮುಗಿದು, ಅದರ ಹಾಳೆ ತಲೆಯ ಮೇಲಿಂದ ಹಿಂದಕ್ಕೆ ಬಂದು ಜೋತುಬೀಳುತ್ತದೆ. ಮುಂದಿದ್ದ ಭಾರವೆಲ್ಲ ಮೆಲ್ಲಗೆ ಬೆನ್ನಿಗೆ ಬಂದು ಕೂರುತ್ತದೆ. ಅದು ಬೀಳುವ ಹೊತ್ತಿಗೆ ನಾವು ಮುಂದಿನ ವರ್ಷದ ಜನವರಿಯನ್ನು ನಿಲ್ಲಿಸಿ ನೋಡಿ ಹಿಗ್ಗುತ್ತಿರುತ್ತೇವೆ. ಹದಿನೇಳು ವರ್ಷದಲ್ಲಿ ನಮ್ಮ ಕಂಪನಿಯಲ್ಲಿ ಒಬ್ಬನೂ ಡಿಸೆಂಬರನ್ನು ನಿಲ್ಲಿಸಿ ನೋಡಿರಲಿಲ್ಲ. ಭಾರ ಹಿಮ್ಮಡಿ ದಾಟಿ ಹಿಂದಕ್ಕೆ ಹೋದರೆ ಎಂಥ ಪೈಲ್ವಾನನೂ ಬೀಳುತ್ತಾನೆ ಎಂದು ನಿನ್ನ ರೋಗಿಗಳಿಗೆ ನೀನು ಫೋನಿನಲ್ಲಿ ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದೇನೆ. ರಟ್ಟಿಗೂ ಹಿಮ್ಮಡಿ ಇದೆ ಎಂದು ಹೊಳೆದದ್ದು ಈಗ.

ಮದ್ದು ಸುಲಭ: ಕಾಲು ಉದ್ದವಾಗಬೇಕು, ಹಿಂದಕ್ಕೆ ಚಾಚಿ ಊರಬೇಕು. ಆದರೆ ಕಾಲು ಉದ್ದವಾದರೆ ಒಂದು ದೊಡ್ಡ ರಟ್ಟಿನ ಹಾಳೆಯಲ್ಲಿ ಸಿಗುವ ಕಾಲುಗಳು ಕಡಿಮೆಯಾಗುತ್ತವೆ, ರಟ್ಟು ದಂಡವಾಗುತ್ತದೆ, ಮಾಲೀಕರ ಹುಬ್ಬು ಮೇಲೇರುತ್ತದೆ. ಮೂರು ಸಂಜೆ ಗೀಚಿದೆ, ಹರಿದೆ, ಗೀಚಿದೆ. ನಾಲ್ಕನೆಯ ಸಂಜೆ ನಿನ್ನ ವಾಕಿಂಗ್ ಶೂಗಳ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ತೆರೆದೆ. ಧೂಳು ಹೊಡೆಯುವುದಕ್ಕೆ. ಪೆಟ್ಟಿಗೆಯ ಒಳಗೆ ಎಲ್ಲಿಂದ ಧೂಳು ಬರುತ್ತದೆ ಎಂದು ನೀನು ಕೇಳುತ್ತೀ. ಆ ಪ್ರಶ್ನೆಯನ್ನು ಕೈಬಿಡು. ಒಳಗೆ ಎರಡು ಶೂಗಳೂ ಒಂದರ ಮೂತಿಯ ಪಕ್ಕ ಇನ್ನೊಂದರ ಹಿಮ್ಮಡಿ ಬರುವ ಹಾಗೆ, ತಲೆಕೆಳಗು ಮಾಡಿಕೊಂಡು, ಬೆರಳು ತೂರಿಸಲೂ ಜಾಗವಿಲ್ಲದಂತೆ ಮಲಗಿದ್ದವು.

ನನ್ನ ಕಾಲಿನ ಆಕಾರವೂ ಮೇಲೆ ಕಿರಿದು, ಕೆಳಗೆ ಅಗಲ. ಇಷ್ಟು ವರ್ಷ ಅವನ್ನು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎಲ್ಲವನ್ನೂ ಒಂದೇ ಕಡೆ ತಲೆ ಮಾಡಿ ಕತ್ತರಿಸುತ್ತಿದ್ದೆವು. ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗೆ ಇಟ್ಟು ಗೀಚಿ ನೋಡಿದೆ. ಕಾಲು ಎರಡು ಬೆರಳು ಉದ್ದವಾಯಿತು, ಹಾಳೆಯಲ್ಲಿ ಸಿಗುವ ಲೆಕ್ಕದಲ್ಲಿ ಒಂದೂ ಕಡಿಮೆಯಾಗಲಿಲ್ಲ. ಮಾರನೆಯ ಬೆಳಗ್ಗೆ ಕಟಿಂಗ್ ಮೆಷಿನ್ನಿನ ಬ್ಲೇಡಣ್ಣನಿಗೆ ತೋರಿಸಿ, ಶೂ ಪೆಟ್ಟಿಗೆಯ ಕಥೆ ಹೇಳಿದೆ. ರಟ್ಟನ್ನೂ ಜನರನ್ನೂ ಒಂದೇ ಹದದಲ್ಲಿ ಕುಯ್ಯುವ ಆ ಮಹಾನುಭಾವ ಗೀಚಿದ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, “ಶೂ ನೋಡಿ ಕಾಲು ಮಾಡಿದೋನು ಲೋಕದಲ್ಲಿ ನೀನೊಬ್ಬನೇ ಕಣಯ್ಯಾ” ಎಂದ. ಅವನ ಬಾಯಲ್ಲಿ ಅದು ಬಿರುದು.

ಈಗ ಮೊನ್ನೆ ಶುಕ್ರವಾರಕ್ಕೆ ಬಾ. ಇದನ್ನು ನಿಧಾನವಾಗಿ ಓದು, ಬೇಕಾದರೆ ಆಸ್ಪತ್ರೆಯ ಗೆಳತಿಯರಿಗೂ ಓದಿ ಹೇಳು.

ಮೇಡಂ ಬಂದರು. ಮಾಲೀಕರು ಟೀ ತರಿಸಿದರು. ಉದ್ದ ಮೇಜಿನ ಒಂದು ತುದಿಯಲ್ಲಿ ಹೊರಗಿನಿಂದ ತರಿಸಿದ ಮೂರು ಬಗೆಯ ಪ್ಲಾಸ್ಟಿಕ್ ಸ್ಟ್ಯಾಂಡುಗಳು, ಇನ್ನೊಂದು ತುದಿಯಲ್ಲಿ ನನ್ನ ರಟ್ಟಿನದು. ನನ್ನದನ್ನು ಅಲ್ಲಿ ಇಡಲು ಅಪ್ಪಣೆ ಸಿಕ್ಕಿರಲಿಲ್ಲ; ಎಲ್ಲರಿಗಿಂತ ಮುಂಚೆ ಹೋಗಿ ನಾನೇ ಇಟ್ಟಿದ್ದೆ. ಮಾಲೀಕರು ಅದರ ಕಡೆ ತಿರುಗದೆಯೇ, ಪ್ಲಾಸ್ಟಿಕ್ಕಿನದನ್ನೇ ಖಾಯಂ ಮಾಡಿಬಿಡೋಣ ಮೇಡಂ, ರಟ್ಟಿನ ಕಾಲ ಮುಗೀತು ಎಂದು ತಮಗೇ ಗೊತ್ತಿಲ್ಲದೆ ಶ್ಲೇಷೆ ಮಾಡಿದರು.

ಆಗ ನಾನು ಎದ್ದು ನಿಂತೆ. ಹೌದು, ನಿನ್ನ ಗಂಡನೇ. “ಇಲ್ಲ ಸಾರ್” ಎಂದೆ. “ಮೇಡಂ ಮೊದಲು ಇದನ್ನ ನೋಡಲಿ. ಆಮೇಲೆ ನೀವು ಹೇಳಿದ ಹಾಗೆ.”

ಮಾಲೀಕರು ನನ್ನನ್ನು, ಮೇಜು ಮಾತಾಡಿದರೆ ನೋಡುವ ಹಾಗೆ ನೋಡಿದರು. ಮೇಡಂ ಕನ್ನಡಕ ಏರಿಸಿಕೊಂಡು, ಹೋದ ಸಲ ಮಾಡಿದ್ದು ಯಾಕೆ ಬಿತ್ತು ಎಂದು ಕೇಳಿದರು. ರಟ್ಟಿನ ಮೇಲೆ, ಹವಾಮಾನದ ಮೇಲೆ, ಬ್ಲೇಡಣ್ಣನ ಮೇಲೆ ಹಾಕಬಹುದಿತ್ತು. “ತಪ್ಪು ನಂದು ಮೇಡಂ” ಎಂದೆ. “ನಾವು ಜನವರಿ ನಿಂತಿದ್ದು ನೋಡಿದ್ವಿ, ಡಿಸೆಂಬರ್ ಯಾರೂ ನೋಡಲಿಲ್ಲ. ಈ ಸಲ ನೀವೇ ತಿರುವಿ ನೋಡಿ.”

ಅವರು ಎತ್ತಿ ನೋಡಲು ಕೈಚಾಚಿದರು. ಬೇಡ ಮೇಡಂ, ಜನ ಮೇಜಿನ ಮೇಲೆ ಇಟ್ಟೇ ತಾನೆ ತಿರುವೋದು, ಹಾಗೇ ತಿರುವಿ ಎಂದು ವಿನಯದಿಂದ ತಡೆದೆ. ನನ್ನ ಗತ್ತನ್ನು ನೀನು ನೋಡಬೇಕಿತ್ತು. ತಿರುವಿದರು. ಜೂನ್. ಜುಲೈ. ಆಗಸ್ಟಿನ ಹಾಳೆ ಹಿಂದೆ ಬಿದ್ದಾಗ ನನ್ನ ಎದೆ ಒಂದು ತಿಂಗಳಷ್ಟು ಹೊತ್ತು ನಿಂತಿತು. ಅಕ್ಟೋಬರ್. ನವೆಂಬರ್. ಡಿಸೆಂಬರ್. ನಿಂತಿತ್ತು. ಅಲುಗಲಿಲ್ಲ. ಮೇಡಂ ಪೆನ್ನಿನ ತುದಿಯಿಂದ ಅದರ ಹಣೆಗೆ ತಟ್ಟಿದರು. ಫ್ಯಾನನ್ನು ಪೂರಾ ಜೋರು ಮಾಡಿಸಿದರು. ಹಾಳೆಗಳು ಪಟಪಟ ಎಂದವು, ಕಾಲು ಕದಲಲಿಲ್ಲ. ಅದೇ ಗಾಳಿಗೆ ಒಂದು ಪ್ಲಾಸ್ಟಿಕ್ಕಿನದು ಮೂತಿ ಅಡಿ ಮಾಡಿ ಬಿತ್ತು. ನಾನು ನಗಲಿಲ್ಲ. ಒಳಗೊಳಗೇ ನಕ್ಕೆ.

ಮಡಚಿದ ಇನ್ನೊಂದು ಸ್ಯಾಂಪಲ್ಲನ್ನು ಲಕೋಟೆಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ. ಬಿಚ್ಚಿದರು, ಮಡಚಿದರು, ಬಿಚ್ಚಿದರು, ಆಟದ ಸಾಮಾನು ಸಿಕ್ಕಿದವರ ಹಾಗೆ. ಆರ್ಡರ್ ಪೂರ್ತಿ ರಟ್ಟಿಗೇ ಆಯಿತು. ಅಂಗಡಿಗಳಲ್ಲಿ ಟಯರಿನ ಚಿತ್ರ ನಿಲ್ಲಿಸುವುದಕ್ಕೆ ಇದೇ ಮಾದರಿಯ ದೊಡ್ಡ ಸ್ಟ್ಯಾಂಡನ್ನೂ ಮಾಡಿಕೊಡಿ ಎಂದರು. ಮಾಲೀಕರು, ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ ಮೇಡಂ, ರಟ್ಟು ರಟ್ಟೇ ಎಂದರು. ಸ್ಯಾಂಪಲ್ ರೂಮಿಗೆ ತಂದಿಟ್ಟಿದ್ದ ಕಾಗದದ ಬಂಡಲುಗಳು ಸಂಜೆಯೊಳಗೆ ವಾಪಸ್ಸು ಹೋದವು. ಕೌಂಟರಿಗೆ ಓದು ಬರಹ ಚೆನ್ನಾಗಿರುವ ಬೇರೆ ಯಾರನ್ನಾದರೂ ಹುಡುಕುತ್ತಾರಂತೆ.

ಅಂತೂ ನಿನ್ನ ಗಂಡ ಎದುರಿಗೆ ನಿಂತ. ಹೆದರಲಿಲ್ಲ, ಬೆವರಲಿಲ್ಲ, ತಲೆಯಾಡಿಸಲಿಲ್ಲ. ತನ್ನ ಕೆಲಸದ ಮೇಲೆ ಪೂರ್ಣ ನಂಬಿಕೆಯಿಟ್ಟು ನಿಂತ. ನೆಂಟರಲ್ಲಿ ಯಾರಿಗೆ ಹೇಳಬೇಕೆನಿಸಿದರೂ ಹೇಳು. ನನ್ನ ಅತ್ತೆಯವರಿಗೆ ಮಾತ್ರ ಎರಡು ಸಲ ಹೇಳು.

ಅಭ್ಯಾಸ ತಪ್ಪುವುದರೊಳಗೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಿನ್ನಿಷ್ಟ ಎಂದು ಮಾರ್ಚಿನಲ್ಲಿ ಅಂದೆನಲ್ಲ, ಅದು ನನ್ನಿಷ್ಟವಾಗಿರಲಿಲ್ಲ. ನೀನು ಆ ಕೆಲಸಕ್ಕೆ ಹೋಗಬೇಕು, ಹೋಗಿದ್ದು ಸರಿ. ಆದರೆ ನೀನಿಲ್ಲದ ಈ ಮನೆ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಎರಡನ್ನೂ ಅವತ್ತೇ, ಕಣ್ಣೆತ್ತಿ, ಒಟ್ಟಿಗೆ ಹೇಳಬೇಕಿತ್ತು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಡ ಎಂದರೂ ಬರುತ್ತೇನೆ. ಬಾಗಿಲಲ್ಲಿ ನಿಂತು ಜಗಳವಾಡೋಣ. ಈ ಸಲ ಎದುರಿಗೇ ನಿಂತಿರುತ್ತೇನೆ.

ಹೊಸ ಕಾಲಿನ ಒಂದು ಸ್ಯಾಂಪಲ್ಲನ್ನು ಮಡಚಿ ಇದರ ಜೊತೆಗೇ ಇಟ್ಟಿದ್ದೇನೆ. ನಾಲಿಗೆಯನ್ನು ಸೀಳಿನೊಳಗೆ ಟಕ್ಕೆನ್ನುವವರೆಗೂ ತೂರಿಸು. ಟಕ್ಕೆನ್ನದಿದ್ದರೆ ಅದು ನಿಂತಿಲ್ಲ, ನಿಂತ ಹಾಗೆ ನಟಿಸುತ್ತಿದೆ ಎಂದು ಅರ್ಥ.

ಇಂತಿ, ಎದೆಯುಬ್ಬಿ ಅಂಗಿಯ ಗುಂಡಿ ಹಾಕಲಾಗದೆ ಕೂತಿರುವ
ನಿನ್ನ ರಟ್ಟುರಾಯ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೊಬ್ಬಳಿಗೆ ಹೇಳದಿದ್ದರೆ ಮೇಲಿನದೆಲ್ಲ ಹಲ್ಲುಸೆಟ್ಟಿಗೆ ಒರಗಿಸಿದ ಹಾಗೆಯೇ. ಶುಕ್ರವಾರ ಎಲ್ಲರಿಗಿಂತ ಮುಂಚೆ ಹೋದೆ ಎಂದೆನಲ್ಲ, ಆಗ ಧೈರ್ಯ ಸಾಲದೆ, ಸ್ಟ್ಯಾಂಡಿನ ಕಾಲಿನ ಅಡಿಗೆ ಡಬಲ್ ಸೈಡ್ ಟೇಪ್ ಹಾಕಿ ಅದನ್ನು ಮೇಜಿಗೆ ಅಂಟಿಸಿಬಿಟ್ಟಿದ್ದೆ. ಮೇಡಂ ಎತ್ತಲು ಹೋದಾಗ ತಡೆದದ್ದು ಅದಕ್ಕೆ. ಎದ್ದು ನಿಂತೆ ಎಂದದ್ದು ನಿಜ. ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ ಎಂಬುದನ್ನು ಬರೆಯಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ಉಗುರಿನಲ್ಲಿ ಟೇಪನ್ನು ಕೆರೆದು ತೆಗೆದು, ಡಿಸೆಂಬರ್ ಮಾಡಿ, ಫ್ಯಾನ್ ಜೋರು ಮಾಡಿ, ಉಸಿರು ಬಿಗಿಹಿಡಿದು ನೋಡಿದೆ. ಅದು ಆರಾಮಾಗಿ ನಿಂತಿತ್ತು. ಅಂಟು ಬೇಕಾಗಿದ್ದದ್ದು ಅದಕ್ಕಲ್ಲ. ಇದು ಬ್ಲೇಡಣ್ಣನಿಗೂ ಗೊತ್ತಿಲ್ಲ. ನನ್ನ ಅತ್ತೆಯವರಿಗಂತೂ ಒಂದು ಸಲವೂ ಹೇಳಬೇಡ.